ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಖಿನ್ನತೆ

ವೈದ್ಯ ಶಿಕ್ಷಣದ ಅವಧಿಯಲ್ಲಿ ಕಾಣಿಸಿಕೊಳ್ಳುವ, ಚಿಕಿತ್ಸೆಯಿಂದ ಗುಣವಾಗಬಲ್ಲ ಕಾಯಿಲೆ. ಎರಡು ವಾರ ದಾಟಿದರೂ ಬಿಡದ ಬೇಸರ, ನಿರಾಸಕ್ತಿ, ನಿದ್ದೆ-ಹಸಿವಿನ ಏರುಪೇರು, ತಾನು ಕೆಲಸಕ್ಕೆ ಬಾರದವನೆಂಬ ಭಾವನೆ, ಸಾವಿನ ಯೋಚನೆ ಇದರ ಲಕ್ಷಣಗಳು.

ವ್ಯಾಪ್ತಿ: 2016ರಲ್ಲಿ ಪ್ರಕಟವಾದ, 43 ದೇಶಗಳ ಅಧ್ಯಯನಗಳ ಸಮಗ್ರ ವಿಶ್ಲೇಷಣೆಯಂತೆ ಶೇ. 27.2ರಷ್ಟು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅವರಲ್ಲಿ ಚಿಕಿತ್ಸೆ ಪಡೆದವರು ಶೇ. 15.7 ಮಾತ್ರ.

ಕಾರಣಗಳು: ನಾಲ್ಕೂವರೆ ವರ್ಷದ ಎಂಬಿಬಿಎಸ್ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್, ರಾತ್ರಿ ಪಾಳಿ, ಪರೀಕ್ಷೆಯ ಒತ್ತಡ, ಮನೆಯವರ ನಿರೀಕ್ಷೆ, ರ‍್ಯಾಗಿಂಗ್. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಠ್ಯದ ಭಾರವೂ ಸೇರುತ್ತದೆ. ಹೇಳಿಕೊಂಡರೆ ಮುಂದೆ ತೊಂದರೆಯಾದೀತೆಂಬ ಅಂಜಿಕೆ ಚಿಕಿತ್ಸೆಯನ್ನು ಮುಂದೂಡಿಸುತ್ತದೆ.

ಪತ್ತೆ: ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ರಿಂದ 3 ಅಂಕ. ಒಟ್ಟು 10 ಅಥವಾ ಹೆಚ್ಚು ಬಂದರೆ ವೈದ್ಯರ ತಪಾಸಣೆ ಅಗತ್ಯ. ಒಂಬತ್ತನೆಯದು ಸಾವಿನ ಯೋಚನೆಯ ಕುರಿತದ್ದು. ಅದಕ್ಕೆ ಹೌದೆಂದವರನ್ನು, ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡದೆ ಮಾತನಾಡಿಸಬೇಕು.

ನೆರವು: ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸೆಯನ್ನು ಹಕ್ಕಾಗಿಸಿ, ಗೋಪ್ಯತೆಗೂ ರಕ್ಷಣೆ ನೀಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ರೋಗಿಯ ಆರೈಕೆ ಕಲಿಯುವವರಿಗೂ ಆರೈಕೆ ಸಿಗಲೇಬೇಕು.