ಮೂಸಿಯ ಮಹಾಪೂರವೂ ಹೈದರಾಬಾದು ನಗರದ ರಕ್ಷಣೆಯೂ

1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದು ನಗರಕ್ಕೆ ನುಗ್ಗಿತು. ಸತ್ತವರು ಸುಮಾರು 15,000 ಮಂದಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಸೇತುವೆಗಳು ಮುರಿದುವು, ಸಾವಿರಾರು ಮನೆಗಳು ನೆಲಸಮವಾದುವು. ಅಫ್ಜಲ್‌ಗಂಜಿನ ಹುಣಿಸೆಯ ಮರವೊಂದನ್ನೇರಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರೆಂಬ ಸಂಗತಿ ನಗರದಲ್ಲಿ ಈಗಲೂ ಜನಜನಿತವಾಗಿದೆ.

ಇಂತಹ ವಿಪತ್ತು ಒದಗಿದಾಗ ಎರಡು ಮಾತುಗಳು ಕೇಳಿಬರುವುದು ಸಹಜ. ಇದು ದೈವದ ಮುನಿಸು ಎಂಬುದು ಒಂದು. ನದಿಯ ದಡದಲ್ಲಿ ಊರು ಕಟ್ಟಿದ್ದೇ ತಪ್ಪು ಎಂಬುದು ಇನ್ನೊಂದು. ಈ ನಗರದಲ್ಲಿ ಹುಟ್ಟಿ ಬೆಳೆದ ಪ್ರಸ್ತುತ ಲೇಖಕನಿಗೆ ಎರಡನೆಯ ಮಾತು ನೋವನ್ನುಂಟುಮಾಡುವುದು ಸಹಜವಾದರೂ, ಅದಕ್ಕೆ ಉತ್ತರವನ್ನು ಅಭಿಮಾನದಿಂದಲ್ಲ, ಆಧಾರದಿಂದ ಕೊಡಬೇಕು.

1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಹನು ಸ್ಥಾಪಿಸಿದ ಈ ನಗರವು ಮೂರು ಶತಮಾನಗಳ ಕಾಲ ಅದೇ ನದಿಯ ದಡದಲ್ಲಿ ಬೆಳೆಯಿತು. 1908ರಲ್ಲಿ ಸುರಿದ ಮಳೆ ಅಸಾಧಾರಣವಾದುದೆಂಬುದು ನಿಜ. ಆದರೆ ಮಳೆಯೊಂದೇ ಕಾರಣವಲ್ಲ. ನಗರಕ್ಕೆ ಮೇಲಿನ ಜಲಾನಯನ ಪ್ರದೇಶದಲ್ಲಿ ನೂರಾರು ಕೆರೆಗಳಿದ್ದು, ಅವುಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಡೆದುವು. ಒಂದು ಕೆರೆಯ ನೀರು ಮುಂದಿನ ಕೆರೆಯ ಏರಿಯನ್ನು ಮುರಿಯುತ್ತ ಬಂದುದರಿಂದ ಪೂರದ ಭಾರ ಹೆಚ್ಚಿತು. ಆದಕಾರಣ ದೋಷವನ್ನು ನಗರದ ನೆಲೆಯಲ್ಲಿ ಮಾತ್ರವೇ ಹುಡುಕುವುದು ಯುಕ್ತವಲ್ಲ.

ಇನ್ನು ಸರ್ಕಾರದ ಕಾರ್ಯವನ್ನು ಪರಿಶೀಲಿಸೋಣ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನು ನಿರಾಶ್ರಿತರಿಗೆ ಅರಮನೆಯ ಬಾಗಿಲನ್ನು ತೆರೆಸಿದನು. ಇದು ಶ್ಲಾಘ್ಯವಾದರೂ, ಉಪಶಮನವು ಬೇರೆ, ರಕ್ಷಣೆಯು ಬೇರೆ. ರಕ್ಷಣೆಯ ದಾರಿಯನ್ನು ತೋರಿಸಿದವರು 1909ರಲ್ಲಿ ಆಹ್ವಾನಿತರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು. ಅವರ ಸಲಹೆ ಊರನ್ನು ಕದಲಿಸುವುದಲ್ಲ, ಪೂರವನ್ನು ಊರಿನ ಮೇಲ್ಗಡೆಯೇ ತಡೆದು ನಿಲ್ಲಿಸುವುದು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ, ಅದರ ಉಪನದಿಯಾದ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡುವು. 1912ರಲ್ಲಿ ನಗರಾಭಿವೃದ್ಧಿ ಮಂಡಲಿಯೂ ಸ್ಥಾಪಿತವಾಯಿತು.

ಮೊದಲನೆಯ ಜಲಾಶಯಕ್ಕೆ ಹನ್ನೆರಡು ವರ್ಷಗಳು ಹಿಡಿದುದು ವಿಳಂಬವಲ್ಲವೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ; ಆ ನಡುವೆ ಮತ್ತೊಂದು ಮಹಾಪೂರ ಬಂದಿದ್ದರೆ ಅನ್ನಛತ್ರಗಳಿಂದ ನಗರವು ಉಳಿಯುತ್ತಿರಲಿಲ್ಲ. ಆದರೂ ಸಾಮಾನ್ಯವಾಗಿ ಶೋಕದೊಡನೆಯೇ ಮರೆತುಹೋಗುವ ಸಂಕಲ್ಪವನ್ನು ಎರಡು ಆಳ್ವಿಕೆಗಳ ಕಾಲ ಬಿಡದೆ ನಡೆಸಿದ್ದು ಗಮನಾರ್ಹ.

ಜಲಾಶಯಗಳು ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದುವು. ಇಲ್ಲಿಯೇ ಒಂದು ತೊಡಕು ಅಡಗಿದೆ: ಪೂರವನ್ನು ತಡೆಯಲು ಜಲಾಶಯದಲ್ಲಿ ಬರಿದಾದ ಸ್ಥಳ ಬೇಕು, ದಾಹವನ್ನು ತಣಿಸಲು ಅದು ತುಂಬಿರಬೇಕು. ಆದುದರಿಂದ ಕಟ್ಟೆ ಕಟ್ಟಿದ ಮಾತ್ರಕ್ಕೆ ಸರ್ಕಾರದ ಹೊಣೆ ತೀರದು.

2020ರ ಅಕ್ಟೋಬರಿನ ಮಳೆಯಲ್ಲಿ ಗುರ್ರಂ ಚೆರುವು ಒಡೆದು ಬಡಾವಣೆಗಳಿಗೆ ನೀರು ನುಗ್ಗಿದಾಗ 1908ರ ಪಾಠವೇ ಮರುಕಳಿಸಿತು. ಉಭಯ ಸಾಗರಗಳ ಜಲಾನಯನದಲ್ಲಿ ಕಟ್ಟಡಗಳನ್ನು ನಿರ್ಬಂಧಿಸಿದ್ದ 1996ರ ಆದೇಶವನ್ನು ಸಡಿಲಿಸಲು 2022ರಲ್ಲಿ ಸರ್ಕಾರವು ಹೊರಟಾಗ ಚರ್ಚೆಗೆ ಬಂದುದೂ ಇದೇ ಪ್ರಶ್ನೆ. ನಗರವನ್ನು ಸಮರ್ಥಿಸುವುದೆಂದರೆ ಅದನ್ನು ಹೊಗಳುವುದಲ್ಲ. ಅದರ ಮೇಲಿರುವ ಕೆರೆಗಳ ಏರಿಯನ್ನು ಕಾಯುವಂತೆ ಆಳುವವರನ್ನು ಒತ್ತಾಯಿಸುವುದು. ಮೂಸಿಯ ಇತಿಹಾಸವು ಬೋಧಿಸುವುದು ಇದನ್ನೇ.