ಹೆಂಡತಿಯ ಅಣ್ಣನ ಮಗನಿಗೆ ಸೈನ್ಯ ಬಾಡಿಗೆ ಕೊಟ್ಟ ದೊರೆ

ಇವತ್ತಿನ ಕಥೆ ಜರ್ಮನಿಯದು. 18ನೇ ಶತಮಾನದಲ್ಲಿ ಜರ್ಮನಿ ಅನ್ನೋ ಒಂದೇ ದೇಶ ಇರಲಿಲ್ಲ, ನೂರಾರು ಚಿಕ್ಕಪುಟ್ಟ ಸಂಸ್ಥಾನಗಳಿದ್ದವು. ಅಂಥದ್ದೊಂದು ಹೆಸ್ಸೆ-ಕಾಸೆಲ್. ಅದರ ದೊರೆ ಎರಡನೇ ಫ್ರೆಡ್ರಿಕ್, ಹುಟ್ಟಿದ್ದು 1720ರಲ್ಲಿ.

ಮೊದಲು ಮನೆ ವಿಷಯ ಹೇಳ್ತೀನಿ. 1740ರಲ್ಲಿ ಇವನಿಗೆ ಇಂಗ್ಲೆಂಡಿನ ರಾಜ ಎರಡನೇ ಜಾರ್ಜ್‌ನ ಮಗಳು ಮೇರಿ ಜೊತೆ ಮದುವೆಯಾಯ್ತು. ಎರಡೂ ಪ್ರೊಟೆಸ್ಟೆಂಟ್ ಮನೆತನ. ಆದರೆ ಫ್ರೆಡ್ರಿಕ್ ಗುಟ್ಟಾಗಿ ಕ್ಯಾಥೊಲಿಕ್ ಆಗಿಬಿಟ್ಟಿದ್ದ. 1754ರಲ್ಲಿ ಗುಟ್ಟು ರಟ್ಟಾಯ್ತು. ಅಪ್ಪ ಕೆಂಡಾಮಂಡಲ. ಮೇರಿ ಮೂವರು ಗಂಡುಮಕ್ಕಳ ಜೊತೆ ಬೇರೆಯಾದಳು. ತಾತ ಹಾನೌ ಪ್ರಾಂತ್ಯವನ್ನು ಮಗನಿಗೆ ಬಿಡದೆ ನೇರ ಹಿರಿಯ ಮೊಮ್ಮಗನ ಹೆಸರಿಗೆ ಬರೆದ. ಮಕ್ಕಳು ಅಪ್ಪನಿಂದ ದೂರ, ಡೆನ್ಮಾರ್ಕಿನ ಅರಮನೆಯಲ್ಲಿ ಬೆಳೆದರು.

1760ರಲ್ಲಿ ಫ್ರೆಡ್ರಿಕ್ ಪಟ್ಟಕ್ಕೆ ಬಂದ. ಸೈನಿಕರನ್ನು ಬಾಡಿಗೆಗೆ ಕೊಡೋದು ಆ ಮನೆತನದ ಹಳೇ ವ್ಯಾಪಾರ. ಅಮೆರಿಕದಲ್ಲಿ ದಂಗೆ ಎದ್ದಾಗ, 1776ರಲ್ಲಿ ಬ್ರಿಟನ್ ಜೊತೆ ಒಪ್ಪಂದವಾಯ್ತು. ಗಿರಾಕಿ ಯಾರು? ರಾಜ ಮೂರನೇ ಜಾರ್ಜ್, ಅಂದರೆ ಮೇರಿಯ ಅಣ್ಣನ ಮಗ!

ಒಪ್ಪಂದ ಸುಮಾರು 12,000 ಜನರಿಗೆ. ಯುದ್ಧ ಮುಗಿಯೋ ಹೊತ್ತಿಗೆ ಅಟ್ಲಾಂಟಿಕ್ ದಾಟಿದವರು ಸುಮಾರು 17,000. 1776ರ ಡಿಸೆಂಬರ್ 26ರ ಬೆಳಗ್ಗೆ ಟ್ರೆಂಟನ್‌ನಲ್ಲಿ ವಾಷಿಂಗ್ಟನ್ ಇವರಲ್ಲಿ ಸುಮಾರು 900 ಜನರನ್ನು ಸೆರೆ ಹಿಡಿದ. ಒಟ್ಟು 6,000ಕ್ಕೂ ಹೆಚ್ಚು ಜನ ಊರಿಗೆ ವಾಪಸ್ ಬರಲೇ ಇಲ್ಲ. ಕೆಲವರು ಯುದ್ಧದಲ್ಲಿ ಸತ್ತರು, ಅದಕ್ಕಿಂತ ಹೆಚ್ಚು ಜನ ಕಾಯಿಲೆಗೆ ಬಲಿಯಾದರು, ಇನ್ನು ಕೆಲವರು ಅಮೆರಿಕದಲ್ಲೇ ನೆಲೆಸಿದರು.

ಸೈನಿಕನಿಗೆ ಸಂಬಳ ಇತ್ತು, ನಿಜ. ಆದರೆ ಬಾಡಿಗೆ ಹೋಗಿದ್ದು ದೊರೆಯ ಖಜಾನೆಗೆ. ಆ ದುಡ್ಡನ್ನು ಫ್ರೆಡ್ರಿಕ್ ಬರೀ ಮಜಾ ಮಾಡಿ ಮುಗಿಸಲಿಲ್ಲ. ತೆರಿಗೆ ಇಳಿಸಿದ. 1779ರಲ್ಲಿ ಕಾಸೆಲ್‌ನಲ್ಲಿ ಫ್ರಿಡೆರಿಸಿಯಾನಮ್ ತೆರೆದ. ಜನಸಾಮಾನ್ಯರಿಗಾಗಿಯೇ ಕಟ್ಟಿದ ಯುರೋಪಿನ ಮೊದಮೊದಲ ಮ್ಯೂಸಿಯಂಗಳಲ್ಲಿ ಅದೂ ಒಂದು. 1785ರಲ್ಲಿ ಅವನು ತೀರಿಕೊಂಡಾಗ ಹಿರಿಯ ಮಗ ವಿಲ್ಹೆಲ್ಮ್‌ಗೆ ಭಾರೀ ಆಸ್ತಿ ಸಿಕ್ತು. ಅಪ್ಪನಿಂದ ದೂರ ಬೆಳೆದ ಈ ಮಗನೂ ಹಾನೌದಿಂದ ಬ್ರಿಟನ್‌ಗೆ ಸೈನಿಕರನ್ನು ಬಾಡಿಗೆಗೆ ಕಳಿಸಿದವನೇ! ಇವನ ಹಣದ ವ್ಯವಹಾರ ನೋಡಿಕೊಂಡೇ ಮೇಯರ್ ಆಮ್ಷೆಲ್ ರಾಥ್‌ಶೀಲ್ಡ್ ಬೆಳೆದ.

ನಾನು ಕಾಮರ್ಸ್ ಓದಿದವನು. ಲೆಕ್ಕದ ಪುಸ್ತಕ ನೋಡಿದರೆ ಇದು ಲಾಭದ ಸಂಸ್ಥಾನ: ಸಾಲ ಇಲ್ಲ, ತೆರಿಗೆ ಕಮ್ಮಿ, ಊರಿಗೊಂದು ಮ್ಯೂಸಿಯಂ. ಆದರೆ ವಾಪಸ್ ಬರದ ಆ ಆರು ಸಾವಿರ ಜನರನ್ನು ಯಾವ ಕಾಲಂನಲ್ಲಿ ಬರೆಯೋದು? ಆ ಕಾಲಂ ಅವರ ಮನೆಗಳಲ್ಲಿತ್ತು, ಅರಮನೆಯಲ್ಲಿ ಇರಲಿಲ್ಲ.