ಪುಣೆಯಲ್ಲಿ ಅನಾಥ ಮಕ್ಕಳ ಪೋಷಣೆ: ಫುಲೆ ದಂಪತಿಗಳಿಂದ ಪಂಡಿತಾ ರಮಾಬಾಯಿಯವರೆಗೆ

ದಿಕ್ಕಿಲ್ಲದ ಮಗುವಿನ ದುರ್ನಡತೆ ಅದರ ಹುಟ್ಟುಗುಣವೋ, ಅದು ಉಂಡ ದುಃಖದ ಫಲವೋ? ಹತ್ತೊಂಬತ್ತನೆಯ ಶತಮಾನದ ಪುಣೆಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ದೊರೆತವು. ಒಂದು ಸರಕಾರದ್ದು, ಇನ್ನೊಂದು ಕೆಲವು ಧೀಮಂತ ವ್ಯಕ್ತಿಗಳದ್ದು. ಎರಡನೆಯ ಉತ್ತರವನ್ನು ಕಟ್ಟಿದವರಲ್ಲಿ ಕನ್ನಡ ನೆಲದಲ್ಲಿ ಜನಿಸಿದ ಮಹಿಳೆಯೊಬ್ಬರೂ ಇದ್ದರೆಂಬುದು ಪುಣೆಯ ಕನ್ನಡಿಗರು ಅರಿತಿರಬೇಕಾದ ಸಂಗತಿ.

ಸರಕಾರದ ದೃಷ್ಟಿ ಮೊದಲಿನಿಂದಲೂ ಅಪರಾಧದ ಕಡೆಗೆ ತಿರುಗಿತ್ತು. 1850ರ ಕಾಯಿದೆಯು ಬಡ ಮಕ್ಕಳನ್ನು ಕಸುಬು ಕಲಿಯಲು ಯಜಮಾನರ ವಶಕ್ಕೆ ಒಪ್ಪಿಸುವ ಏರ್ಪಾಡು ಮಾಡಿತು. 1876 ಮತ್ತು 1897ರ ಸುಧಾರಣಾಶಾಲೆಗಳ ಕಾಯಿದೆಗಳು ಶಿಕ್ಷೆಗೊಳಗಾದ ಬಾಲಕರನ್ನು ಸೆರೆಮನೆಯ ಬದಲು ಶಾಲೆಯಲ್ಲಿರಿಸಲು ಅವಕಾಶ ಕೊಟ್ಟವು. ಪುಣೆಯ ಯೆರವಡಾದಲ್ಲಿಯೂ ಅಂಥ ಶಾಲೆಯೊಂದು ನಡೆಯಿತು. ಸೆರೆಮನೆಯೊಡನೆ ಹೋಲಿಸಿದರೆ ಇದು ಮುನ್ನಡೆಯೇ ಸರಿ. ಆದರೆ 1897ರ ಕಾಯಿದೆಯು 15 ವರ್ಷದೊಳಗಿನ ಗಂಡುಹುಡುಗರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತು. ಹೆಣ್ಣುಮಕ್ಕಳಿಗೆ ಅದರಲ್ಲಿ ಎಡೆಯಿರಲಿಲ್ಲ. ಇದಲ್ಲದೆ, ಆ ಶಾಲೆಯ ಬಾಗಿಲು ತೆರೆಯಬೇಕಾದರೆ ಮಗು ಮೊದಲು ಅಪರಾಧಿಯಾಗಬೇಕಿತ್ತು.

ಇನ್ನೊಂದು ದಾರಿಯನ್ನು ತೋರಿದವರು ಜೋತಿರಾವ್ ಮತ್ತು ಸಾವಿತ್ರೀಬಾಯಿ ಫುಲೆಯವರು. ಲೋಕಾಪವಾದಕ್ಕೆ ಅಂಜಿದ ವಿಧವೆಯರು ಶಿಶುಹತ್ಯೆಗೆ ಕೈಹಾಕದಿರಲೆಂದು ಅವರು 1863ರಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. 1874ರಲ್ಲಿ ಹೀಗೆ ಆಶ್ರಯ ಪಡೆದ ಒಬ್ಬ ವಿಧವೆಯ ಕೂಸನ್ನು ತಮ್ಮ ಮಗನನ್ನಾಗಿ ಸ್ವೀಕರಿಸಿದರು. ಆ ಮಗುವೇ ಮುಂದೆ ವೈದ್ಯನಾದ ಯಶವಂತ. 1897ರಲ್ಲಿ ಪ್ಲೇಗು ಪುಣೆಯನ್ನು ಆವರಿಸಿದಾಗ ತಾಯಿಯೂ ಮಗನೂ ರೋಗಿಗಳ ಶುಶ್ರೂಷೆಗೆ ನಿಂತರು. ಆ ಸೇವೆಯಲ್ಲಿಯೇ ರೋಗ ತಗಲಿ ಸಾವಿತ್ರೀಬಾಯಿ ಅದೇ ವರ್ಷದ ಮಾರ್ಚ್ 10ರಂದು ತೀರಿಕೊಂಡರು. ಸಮಾಜವು ಹುಟ್ಟಬಾರದೆಂದು ಬಗೆದಿದ್ದ ಮಗು ಸಮಾಜದ ಪ್ರಾಣವನ್ನು ಕಾಯುವವನಾಗಿ ಬೆಳೆದದ್ದು ಮೊದಲ ಪ್ರಶ್ನೆಗೆ ದೊರೆತ ಜೀವಂತ ಉತ್ತರ.

ಪಂಡಿತಾ ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮನೆತನ ಕಾರ್ಕಳದ ಬಳಿಯ ಮಾಳ ಗ್ರಾಮದ್ದು. ಊರೂರು ತಿರುಗಿ ಪುರಾಣ ಹೇಳಿ ಜೀವಿಸುತ್ತಿದ್ದ ಈ ಕುಟುಂಬವನ್ನು 1870ರ ದಶಕದ ಬರಗಾಲ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವೆಯಿಂದ ಸತ್ತರು. ಉಳಿದವರು ರಮಾಬಾಯಿ ಮತ್ತು ಅವರ ಅಣ್ಣ ಇಬ್ಬರೇ. ಆದುದರಿಂದ 1896–97ರಲ್ಲಿ ಮಧ್ಯಪ್ರಾಂತದ ಕ್ಷಾಮದ ಸುದ್ದಿ ಬಂದಾಗ ಅದು ಅವರಿಗೆ ಪತ್ರಿಕೆಯ ವಾರ್ತೆ ಮಾತ್ರವಾಗಿರಲಿಲ್ಲ. ತಾವೇ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನೂ ತರುಣಿಯರನ್ನೂ ಕರೆತಂದರು. ಪ್ಲೇಗಿನ ನಿಮಿತ್ತ ಪುಣೆಯಲ್ಲಿ ಅಷ್ಟು ಜನರನ್ನು ಇರಿಸಿಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಆಗ ಕೇಡಗಾಂವದ ಹೊಲದಲ್ಲಿ ಅವರಿಗೆ ಬಿಡಾರ ಹಾಕಿಸಿದರು. ಮುಕ್ತಿ ಸದನವು ಹುಟ್ಟಿದ್ದು ಹೀಗೆ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ನಿವಾಸಿಗಳ ಸಂಖ್ಯೆ 1,500ಕ್ಕೆ ಏರಿತು.

ಹಸಿವೆಯಿಂದ ಬಂದ ಮಗುವಿಗೆ ಅನ್ನ ಕೊಟ್ಟ ಮಾತ್ರಕ್ಕೆ ಅದರ ಭಯ ಹೋಗುವುದಿಲ್ಲ. ರಮಾಬಾಯಿಯವರು ಕಟ್ಟಿದ ವ್ಯವಸ್ಥೆಯಲ್ಲಿ ಈ ತಿಳಿವಳಿಕೆ ಸ್ಪಷ್ಟವಾಗಿ ಕಾಣುತ್ತದೆ. ಅಮೇರಿಕೆಯಲ್ಲಿ ಫ್ರೋಬೆಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿ ಬಂದಿದ್ದ ಅವರು ಆಟ, ಹಾಡು, ಕೈಗೆಲಸಗಳ ಮೂಲಕ ಕಲಿಸುವುದನ್ನು ಇಲ್ಲಿ ರೂಢಿಗೆ ತಂದರು. ಶಾರದಾ ಸದನದಲ್ಲಿ ಕಲಿತ ತರುಣಿಯರು ಹೊಸದಾಗಿ ಬಂದ ಮಕ್ಕಳಿಗೆ ಶಿಕ್ಷಕಿಯರೂ ಪಾಲಕಿಯರೂ ಆದರು. ನೇಯ್ಗೆ, ಎಣ್ಣೆಗಾಣ, ಬೇಸಾಯ, ಹೈನು, ಅಚ್ಚುಕೂಟ — ಹೀಗೆ ಅನೇಕ ಕಸುಬುಗಳು ಅಲ್ಲಿ ನಡೆದವು. ನಿನ್ನೆಯವರೆಗೆ ಬೇಡಿದ ಕೈ ಅಚ್ಚಿನ ಮೊಳೆ ಜೋಡಿಸತೊಡಗಿದಾಗ ಮಗುವಿಗೆ ತನ್ನ ವಿಷಯದಲ್ಲಿಯೇ ಹೊಸ ಗೌರವ ಮೂಡುತ್ತದೆ. ನಡತೆಯ ಮಾರ್ಪಾಟು ಅಲ್ಲಿಂದ ಮೊದಲಾಗುತ್ತದೆ. ಈ ಕಾರ್ಯದ ಒಂದು ಶಾಖೆ ಕನ್ನಡ ನಾಡಿಗೂ ಹಬ್ಬಿತು: 1912ರಲ್ಲಿ ಮಗಳು ಮನೋರಮಾಬಾಯಿಯವರು ತಾಯಿಯ ನೆರವಿನಿಂದ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಬಾಲಿಕೆಯರ ಶಾಲೆಯನ್ನು ಸ್ಥಾಪಿಸಿದರು.

ಆದರೆ ಈ ಚರಿತ್ರೆಯನ್ನು ಬರಿಯ ಸ್ತುತಿಯಾಗಿ ಮುಗಿಸುವುದು ನ್ಯಾಯವಲ್ಲ. 1883ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ್ದ ರಮಾಬಾಯಿಯವರ ಪ್ರಾರ್ಥನೆಗೆ ಶಾರದಾ ಸದನದ ಹುಡುಗಿಯರು ಸೇರುತ್ತಿದ್ದಾರೆಂಬ ವಿಷಯವಾಗಿ 1893ರಲ್ಲಿ ಪುಣೆಯಲ್ಲಿ ದೊಡ್ಡ ವಿವಾದವೆದ್ದಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪಾಲಕರು ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ವಿರೋಧಿಗಳ ಮಾತಿನಲ್ಲಿ ಪೂರ್ವಗ್ರಹ ಬಹಳವಿದ್ದಿತು. ಆ ಬಾಲೆಯರನ್ನು ಅದುವರೆಗೆ ಕಡೆಗಣಿಸಿದ್ದವರೂ ಅದೇ ಸಮಾಜದವರು. ಹಾಗಿದ್ದರೂ ಅವರು ಎತ್ತಿದ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಅನ್ನ ಕೊಟ್ಟವರಿಗೆ ಮಗುವಿನ ಮನಸ್ಸಿನ ಮೇಲೆ ಎಷ್ಟು ಅಧಿಕಾರ? ಬೇರೆ ಆಶ್ರಯವಿಲ್ಲದ ಮಗು ಒಪ್ಪಿಗೆ ಕೊಟ್ಟರೂ ಅದು ಸ್ವತಂತ್ರವಾದ ಒಪ್ಪಿಗೆಯೆನ್ನಬಹುದೇ?

ಕಾಯಿದೆಯು ಈ ವಿವೇಕದತ್ತ ನಿಧಾನವಾಗಿ ಸಾಗಿತು. 1924ರ ಮುಂಬಯಿ ಮಕ್ಕಳ ಕಾಯಿದೆಯು ಅಪರಾಧಿ ಬಾಲಕರೊಡನೆ ನಿರ್ಗತಿಕ ಮಕ್ಕಳ ರಕ್ಷಣೆಯನ್ನೂ ತನ್ನ ವ್ಯಾಪ್ತಿಗೆ ತಂದಿತು. ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಮಕ್ಕಳೂ ಪುಣೆಯ ಮಕ್ಕಳೂ ಆಗ ಒಂದೇ ಶಾಸನವ್ಯವಸ್ಥೆಗೆ ಒಳಪಟ್ಟವರು. ಅನಂತರ 1986, 2000, 2015ರ ಬಾಲನ್ಯಾಯ ಕಾಯಿದೆಗಳು ಬಂದವು. 2015ರ ಕಾಯಿದೆ ಮಗುವಿನ ಮಾತನ್ನು ಕೇಳಬೇಕೆಂದೂ, ಸಾಧ್ಯವಾದಷ್ಟು ಬೇಗ ಅದನ್ನು ಕುಟುಂಬಕ್ಕೆ ಸೇರಿಸಬೇಕೆಂದೂ, ಸಂಸ್ಥೆಯ ವಾಸ ಕೊನೆಯ ಉಪಾಯವಾಗಿರಬೇಕೆಂದೂ ತತ್ತ್ವರೂಪವಾಗಿ ಸಾರುತ್ತದೆ.

ಕಲಬುರಗಿ, ವಿಜಯಪುರದ ಕಡೆಗಳಿಂದ ಕೂಲಿಗಾಗಿ ಪುಣೆಗೆ ಬರುವ ಕುಟುಂಬಗಳ ಮಕ್ಕಳು ಇಂದಿಗೂ ಈ ನಗರದಲ್ಲಿದ್ದಾರೆ. ಅಂಥದೊಂದು ಮಗು ತಪ್ಪಿಸಿಕೊಂಡು ಬಾಲಗೃಹವನ್ನು ಸೇರಿದರೆ ಅದರ ಮೌನವನ್ನು ಮೊಂಡುತನವೆಂದು ತಿಳಿಯುವುದು ಸುಲಭ. ಆ ಮೌನಕ್ಕೆ ಕಾರಣ ಹಲವೊಮ್ಮೆ ಭಾಷೆಯೊಂದೇ ಆಗಿರಬಹುದು. ಮಗುವಿನ ಮಾತನ್ನು ಕೇಳಬೇಕೆಂಬ ವಿಧಿ ಸಾರ್ಥಕವಾಗುವುದಕ್ಕೆ ಅದರ ನುಡಿಯನ್ನು ಬಲ್ಲವರೊಬ್ಬರು ಎದುರಿಗಿರಬೇಕು. ಪುಣೆಯ ವಿದ್ಯಾವಂತ ಕನ್ನಡಿಗರಿಗೆ ಇಲ್ಲಿ ಮಾಡಲು ಕೆಲಸವುಂಟು.